ಅತ್ತೆಯ ಗುಳಿಗೆ, ಮಾವನ ಮೀನಖಂಡ

ಹೆಂಡತಿಗೆ ಬರೆದುಕೊಟ್ಟ ಗುಳಿಗೆಯನ್ನು ತಾನೂ ನುಂಗಿದ ಗಂಡನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ.

ತೊಂಬತ್ತರ ದಶಕದ ಕೊನೆಯ ಮಾತು. ಅತ್ತೆಗೆ ಎದೆನೋವು ಬಂದಾಗ ಲಿಂಗಸುಗೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಇಳಿಸುವ ಹೊಸ ಗುಳಿಗೆ ಬರೆದರು. ಜೊತೆಗೆ ಹೋಗಿದ್ದ ನಾನು ಚೀಟಿ ಇಸಿದುಕೊಂಡು ಏಳುವಷ್ಟರಲ್ಲಿ ಮಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಬದನೆಕಾಯಿ ಕೊಳ್ಳುವಾಗಲೂ ಅದು ಯಾವ ಹೊಲದ್ದೆಂದು ವಿಚಾರಿಸುವ ಮನುಷ್ಯ. ಗುಳಿಗೆಯನ್ನು ಸುಮ್ಮನೆ ಬಿಟ್ಟಾರೆಯೇ?

“ಇಳಿದ ಕೊಬ್ಬು ಎಲ್ಲಿಗೆ ಹೋಗತೈತ್ರೀ ಸಾಹೇಬ್ರ?”

“ಲಿವರ್ ಎಳಕೊಂಡು ಹೊರಗ ಹಾಕತೈತಿ.”

“ಹಂಗಾದ್ರ ಲಿವರಿನ ಗತಿ?”

ಡಾಕ್ಟರು ನಕ್ಕರೂ ತಾಳ್ಮೆಯಿಂದ ತಿಳಿಸಿದರು. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ಸ್ನಾಯು ನೋಯಬಹುದು. ನೋವು ಹೆಚ್ಚಾದರೆ, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ಬರಬೇಕು. ಲಿವರಿಗಾಗಿ ಇನ್ನೊಮ್ಮೆ ರಕ್ತ ನೋಡೋಣ ಎಂದರು.

ಗುಳಿಗೆ ಸಿಕ್ಕಿದ್ದು ಸಿಂಧನೂರಿನಲ್ಲಿ. ಮಾವ ಚೀಟಿಯಲ್ಲಿದ್ದದ್ದರ ಎರಡು ಪಟ್ಟು ಕೊಂಡರು. ಮತ್ತೆ ಬಸ್ಸು ಹತ್ತುವುದು ತಪ್ಪಲೆಂದು ಇರಬೇಕು ಎಂದುಕೊಂಡೆ.

ಅಂದಿನಿಂದ ಮಾವ ಬೆಳಬೆಳಿಗ್ಗೆ ಮಸ್ಕಿಯ ಗುಡ್ಡ ಹತ್ತತೊಡಗಿದರು. ಅಂಗಡಿಯ ಗಾದಿಯಿಂದ ಇಳಿಯಲೂ ಆಲೋಚಿಸುವ ಆಸಾಮಿ! ಗುಡ್ಡದ ಗುಡಿಯ ಮಲ್ಲಯ್ಯನ ಮೇಲೆ ಭಕ್ತಿ ಹುಟ್ಟಿದೆ ಎಂದಿತು ಊರು. ಮಾವ ಇಳಿದು ಬಂದವರೇ ಕಟ್ಟೆಯ ಮೇಲೆ ಕೂತು ತಮ್ಮ ಮೀನಖಂಡಗಳನ್ನು ಒತ್ತಿ ಒತ್ತಿ ನೋಡಿಕೊಳ್ಳುವರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಹಾಜರು.

“ನಿನಗ ಕಾಲು ನೋಯ್ತಾವೇನು?”

“ಇಲ್ರೀ.”

“ಒಂದಕ್ಕ ಹೋದ್ರ ಬಣ್ಣ ಹೆಂಗೈತಿ?”

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದರು, “ಹೊತ್ತು ಹೋಗವಲ್ದೇನ್ರೀ ನಿಮಗ?”

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಮಾವ ಕುಂಟುತ್ತ ಬಂದು, “ನನ್ನ ಕಾಲು ನೋಯಾಕತ್ತಾವು. ನಡಿ ಲಿಂಗಸುಗೂರಿಗೆ, ನಿನ್ನ ತೋರಸ್ಬೇಕು” ಎಂದು ಅತ್ತೆಯನ್ನು ಎಬ್ಬಿಸಿದರು. ಯಾರ ಕಾಲಿಗೆ ಯಾರನ್ನು ತೋರಿಸುವುದೆಂದು ತಿಳಿಯದೆ ನಾನೂ ಹೊರಟೆ.

ಡಾಕ್ಟರ ಮುಂದೆ ಮಾವ ಜೇಬಿನಿಂದ ತಮ್ಮ ಪಾಲಿನ ಗುಳಿಗೆ ಪಟ್ಟಿ ತೆಗೆದಿಟ್ಟರು. ಅರ್ಧಕ್ಕಿಂತ ಹೆಚ್ಚು ಖಾಲಿ. ಸ್ನಾಯು ನೋಯುತ್ತದೋ ನೋಡಲೆಂದು ದಿನಾ ಗುಡ್ಡ ಹತ್ತಿದ್ದನ್ನೂ ಹೇಳಿದರು. ಡಾಕ್ಟರು ಕನ್ನಡಕ ತೆಗೆದರು.

“ಒಬ್ಬರ ಗುಳಿಗಿ ಇನ್ನೊಬ್ಬರು ನುಂಗಬಾರದು ಅಂತ ನಿಮ್ಮ ವಯಸ್ಸಿನವರಿಗೂ ಹೇಳಬೇಕೇನ್ರೀ? ಇವತ್ತ ಬಿಟ್ಟುಬಿಡ್ರಿ. ಇನ್ನ, ದಿನಾ ಗುಡ್ಡ ಹತ್ತಿದ್ರ ಗುಳಿಗಿ ಇಲ್ದನೂ ಕಾಲು ನೋಯ್ತಾವ.”

ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ.

“ಅಕಿ ನೋವಾದ್ರ ಹೇಳೂದಿಲ್ರೀ,” ಎಂದರು ನೆಲ ನೋಡುತ್ತ. “ಹೆರಿಗ್ಯಾಗೂ ಬಾಯಿ ಬಿಟ್ಟಾಕಿ ಅಲ್ಲ. ಎದಿ ನೋವನ್ನ ಕುಸಿದು ಬಿದ್ದ ಮ್ಯಾಲೆ ಹೇಳ್ಯಾಳ. ನಾನೂ ನುಂಗಿದ್ರ, ಅಕಿಗೆ ಏನಾಗತೈತಿ ಅಂತ ನನಗರ ಗೊತ್ತಾಗತೈತಿ ಅಂತ…”

ಅತ್ತೆ ಸೆರಗು ಸರಿಮಾಡಿಕೊಂಡರು. ಡಾಕ್ಟರ ಕಡೆಗಲ್ಲ, ಮಾವನ ಕಡೆ ತಿರುಗಿದರು.

“ತೊಡಿ ನೋಯಾಕತ್ತಾವ್ರೀ. ಭಾಳ ದಿನಾತು.”

ಡಾಕ್ಟರು ಆ ಗುಳಿಗೆ ನಿಲ್ಲಿಸಿ, ರಕ್ತ ನೋಡಿ, ಆಮೇಲೆ ಬೇರೊಂದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರು; ತೊಡೆನೋವು ಹೋಯಿತು. ಆದರೆ ಆ ದಿನ ಬಸ್ಸು ಮಸ್ಕಿ ಮುಟ್ಟುವವರೆಗೂ ಅತ್ತೆ ಮೆಲ್ಲಗೆ ಹೇಳುತ್ತಲೇ ಇದ್ದರು: ಮಂಡಿ, ಸೊಂಟ, ಎಂದೋ ಬಿದ್ದಾಗ ಪೆಟ್ಟಾದ ಭುಜ. ಮಾವ ಅವರ ಕಡೆ ವಾಲಿ ಕೂತು, ಒಂದೊಂದಕ್ಕೂ “ಹೂಂ” ಅನ್ನುತ್ತಿದ್ದರು.