ಏಳನೇ ತಿಂಗಳ ಬೀಗ

ನಕ್ಷೆ ಕಚೇರಿಯ ದಾಖಲೆ ಗುಮಾಸ್ತನಿಗೆ ‘ಮಗ್ಗಿ ಮಾವ’ ಎಂಬ ಹೆಸರು ಅಂಟಿಕೊಂಡದ್ದಕ್ಕೆ ಕಾರಣ ಒಂದೇ ಒಂದು ಸಂಖ್ಯೆ: 142857.

ನಕ್ಷೆಗಳ ಕಬ್ಬಿಣದ ಬೀರುವಿಗೆ ಆರು ಅಂಕಿಯ ಬೀಗ. ಪ್ರತಿ ತಿಂಗಳ ಒಂದನೇ ತಾರೀಖು ಅಂಕಿ ಬದಲಿಸಬೇಕೆಂದು ಮೇಲಿನವರ ಕಟ್ಟಪ್ಪಣೆ. ಬೇರೆಯವರಾಗಿದ್ದರೆ ಮರೆಯಬಾರದೆಂದು ಚೀಟಿ ಬರೆದು ಬೀರುವಿಗೇ ಅಂಟಿಸುತ್ತಿದ್ದರು. ಮಾವ ತನ್ನ ಸಂಖ್ಯೆಯನ್ನು ಅದು ಎಷ್ಟನೇ ತಿಂಗಳೋ ಅಷ್ಟರಿಂದ ಗುಣಿಸುತ್ತಿದ್ದ.

“ಎರಡರಿಂದ ಗುಣಿಸು, 285714. ಮೂರರಿಂದ, 428571. ಅವೇ ಆರು ಅಂಕಿ ಕಣಮ್ಮ, ಕುರ್ಚಿ ಆಟ ಆಡ್ತವೆ,” ಎಂದು ಬೆರಳಚ್ಚಿನ ಅಕ್ಕನ ತಲೆಯನ್ನು ಆರು ತಿಂಗಳು ತಿಂದಿದ್ದ.

“ನಮ್ಮ ಆಫೀಸಿನ ಥರಾನೇ ಅನ್ನಿ. ಜನ ಅವರೇ, ಕುರ್ಚಿ ಬೇರೆ,” ಎನ್ನುತ್ತಿದ್ದಳು ಆಕೆ, ತಲೆಯೆತ್ತದೆ.

ಇವತ್ತು ಏಳನೇ ತಿಂಗಳ ಒಂದನೇ ತಾರೀಖು. ಏಳರಿಂದ ಗುಣಿಸಿದರೆ ಕುರ್ಚಿ ಆಟ ಮುಗಿದು ಆರೂ ಜಾಗದಲ್ಲಿ ಒಂಬತ್ತು. ಮಾವ ಬೆಳಿಗ್ಗೆಯೇ ಬಂದು, ಮಗುವನ್ನು ಮಲಗಿಸುವವನಂತೆ ಮೆಲ್ಲಗೆ ಬೀಗದ ಚಕ್ರ ತಿರುಗಿಸಿದ. ತಪಾಸಣೆಯೂ ಇವತ್ತೇ. ವರದಿ ಚೆನ್ನಾಗಿ ಬಂದರೆ ಹನ್ನೊಂದು ವರ್ಷದಿಂದ ಕಣ್ಣಿಟ್ಟಿದ್ದ ಮುಖ್ಯ ಗುಮಾಸ್ತನ ಕುರ್ಚಿ ಅವನದು.

ತಪಾಸಣಾಧಿಕಾರಿ ಬಂದರು. ಹಾಲು ಕೆಟ್ಟಿದೆಯೇ ಎಂದು ಮೂಸುವವರ ಮುಖ.

“ತಿಂಗಳು ತಿಂಗಳು ಅಂಕಿ ಬದಲಾಯಿಸ್ತೀರಾ?”

“ತಪ್ಪದೆ, ಸರ್. ಇವತ್ತಿನದಂತೂ...”

“ಹೇಳ್ಬೇಡಿ. ಈ ಬೀಗಗಳಿಗೆ ಕಾರ್ಖಾನೆಯಲ್ಲಿ ಒಂದು ಅಂಕಿ ಇಟ್ಟು ಕಳಿಸ್ತಾರೆ. ನಾನು ಎಲ್ಲ ಕಡೆ ಮೊದಲು ಅದನ್ನೇ ಹಾಕಿ ನೋಡೋದು.”

ಬೀರು ಬಂದ ದಿನ ಬೀಗ ತೆರೆದುಕೊಟ್ಟು ಹೋದವನು ಅಂಗಡಿಯವನು. ಆಗ ಯಾವ ಅಂಕಿಯಿತ್ತೆಂದು ಮಾವ ನೋಡಿರಲಿಲ್ಲ, ಗುಣಾಕಾರದಲ್ಲಿದ್ದ.

ಅಧಿಕಾರಿ ಚಕ್ರ ತಿರುಗಿಸಿದರು. ಒಂಬತ್ತು. ಒಂಬತ್ತು. ಮೂರನೆಯ ಒಂಬತ್ತಿಗೆ ಮಾವ ಬೀರುವಿನತ್ತ ಒಂದು ಹೆಜ್ಜೆ ಇಟ್ಟ. ಆರನೆಯದಕ್ಕೆ ಕಟಕ್ಕೆಂದು ಬಾಗಿಲು ಬಾಯ್ತೆರೆಯಿತು.

ಬೆರಳಚ್ಚು ಯಂತ್ರವೂ ನಿಂತಿತು.

“ಬಂದಾಗಿನಿಂದ ಮುಟ್ಟೇ ಇಲ್ಲ,” ಎಂದರು ಅಧಿಕಾರಿ.

“ಸರ್, ಇದು ಏಳರದು,” ಎಂದು ಮಾವ ಸಿಕ್ಕಿದ ಲಕೋಟೆಯ ಬೆನ್ನಿನ ಮೇಲೆ ಗುಣಿಸತೊಡಗಿದ. ಅವಸರದಲ್ಲಿ ಒಂದು ಒಂಬತ್ತು ಸೊನ್ನೆಯಾಯಿತು.

“ಉತ್ತರ ಗೊತ್ತಿದ್ರೂ ಲೆಕ್ಕ ತಪ್ಪತ್ತಲ್ರೀ.”

“ಅಕ್ಕನ್ನ ಕೇಳಿ ಸರ್. ತಿಂಗಳು ತಿಂಗಳು ವಿವರಿಸಿದ್ದೀನಿ.”

ಅಕ್ಕ ಕಾಗದ ಜೋಡಿಸುತ್ತ ಎದ್ದು ನಿಂತಳು. “ಏನೋ ಹೇಳ್ತಾನೇ ಇರ್ತಾರೆ ಸಾರ್. ನಾನು ಕಿವಿಗೆ ಹಾಕ್ಕೊಂಡಿಲ್ಲ.”

ಬೀರುವಿನ ಹೊಣೆ ಅಲ್ಲೇ ಅಕ್ಕನಿಗೆ ಹೋಯಿತು. ಮುಖ್ಯ ಗುಮಾಸ್ತನ ಕುರ್ಚಿಗೂ ಅವಳ ಹೆಸರೇ ಶಿಫಾರಸಾಯಿತು. “ಯಾರಿಗೂ ಹೊಳೆಯದ ಅಂಕಿ ಇಡಿ,” ಎಂದು ಅಧಿಕಾರಿ ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತರು.

ಅಕ್ಕ ಚಕ್ರ ತಿರುಗಿಸಿದಳು. ಪಕ್ಕದಲ್ಲಿದ್ದ ಮಾವ ಬೇಡವೆಂದುಕೊಂಡರೂ ನೋಡಿದ. ಒಂದು. ನಾಲ್ಕು. ಎರಡು. ಎಂಟು...

ಆಕೆ ದನಿ ತಗ್ಗಿಸಿ ಕೇಳಿದಳು: “ಮುಂದಿನ ತಿಂಗಳು ಎರಡರಿಂದ, ಅಲ್ವಾ ಮಾವ?”