ತುಟಿ ಪಿಟಕ್ಕೆನ್ನಬಾರದ ಪರೀಕ್ಷೆ

ಅನಾಹುತಕ್ಕೆಲ್ಲ ಮೂಲ ಒಂದು ಬಟನ್. ಪರದೆಯ ಬಲಮೂಲೆಯಲ್ಲಿ, ಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಗಾತ್ರಕ್ಕೆ ಅದನ್ನು ಕೂರಿಸಿದವನು ನಮ್ಮ ಕನ್ನಡಕ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಅಂದವಾಗಿರಲಿ ಎಂದು ಮಾಡಿದ್ದ, ಪಾಪ.

ಪಂಪು ಮಾರುವ ಕಂಪನಿಯೊಂದಕ್ಕೆ ಅವನ ತಂಡ ತಂತ್ರಾಂಶ ಕಟ್ಟುತ್ತಿತ್ತು. ಎರಡು ವಾರಕ್ಕೆ ಒಂದು ತುಂಡು ಮುಗಿಸುವುದು, ಬಳಸುವವರ ಮುಂದಿಟ್ಟು ನೋಡುವುದು, ಅವರು ಮೂಗು ಮುರಿದರೆ ಬಿಸಾಡಿ ಮತ್ತೆ ಶುರುಮಾಡುವುದು, ಇದು ಅಲ್ಲಿನ ಪದ್ಧತಿ.

ಆ ಬೆಳಿಗ್ಗೆ, ಮಾಡಬೇಕಾದ ಕೆಲಸಗಳನ್ನು ಬರೆದು ಗೋಡೆಗೆ ಅಂಟಿಸಿದ್ದ ಹಳದಿ ಚೀಟಿಗಳ ಮುಂದೆ ಎಲ್ಲರೂ ನಿಂತಿದ್ದಾಗ ಬಾಸು ಹೇಳಿದರು: "ನೋಡಪ್ಪಾ, ಇವತ್ತು ಗೋಡೌನಿನ ಗುಮಾಸ್ತರು ನಿನ್ನ ಪರದೇಲಿ ಒಂದು ಆರ್ಡರು ಮುಗಿಸ್ಬೇಕು. ಮೂರು ನಿಮಿಷದೊಳಗೆ. ಮುಗಿಸಿದ್ರೆ ಸಂಜೆ ನಿನ್ನ ಕೆಲಸ ಕಾಯಂ. ಇಲ್ಲಾಂದ್ರೆ..."

ಇಲ್ಲದಿದ್ದರೆ ಏನೆಂದು ಅವರು ಹೇಳಲಿಲ್ಲ. ಕಾಯಂ ಆಯಿತೇ ಎಂದು ಕನ್ನಡಕನ ಮಾವ ಆರು ತಿಂಗಳಿಂದ ದಿನಾ ಫೋನು ಮಾಡುತ್ತಿದ್ದರು.

"ಪಕ್ಕದಲ್ಲಿ ಸುಮ್ನೆ ಕೂತಿರು," ಎಂದಳು ತಂಡದ ವಿನ್ಯಾಸಕಿ, ಗೋಡೌನಿನ ದಾರಿಯಲ್ಲಿ. "ಹೇಳ್ಕೊಡಬಾರ್ದು, ಬೆರಳು ತೋರಿಸ್ಬಾರ್ದು. ಅವರು ಎಲ್ಲಿ ಎಡವ್ತಾರೆ ಅಂತ ನೋಡೋದಷ್ಟೇ ನಮ್ಮ ಕೆಲಸ. ತುಟಿ ಪಿಟಕ್ ಅನ್ನಂಗಿಲ್ಲ."

ಗುಮಾಸ್ತರು ಮೂವತ್ತು ವರ್ಷ ಕಾಗದ ಪೆನ್ನಿನಲ್ಲೇ ಕಾಲ ಹಾಕಿದವರು. ಮೌಸನ್ನು ಜಿರಲೆ ಹಿಡಿಯುವವರ ಹಾಗೆ ಹಿಡಿದರು. ವಿನ್ಯಾಸಕಿ ಗಡಿಯಾರ ಒತ್ತಿದಳು.

ಪಂಪಿನ ಹೆಸರು ಸಿಕ್ಕಿತು. ಮುಂದಕ್ಕೆ ಹೋಗುವ ಬಟನ್ ಸಿಗಲಿಲ್ಲ. ಬಾಣದ ಗುರುತು ಮೇಲೆ ಹೋಯಿತು, ಕೆಳಗೆ ಬಂತು, ಪರದೆಯನ್ನೆಲ್ಲ ಪ್ರದಕ್ಷಿಣೆ ಹಾಕಿತು.

"ಎಲ್ಲಿ ಬಚ್ಚಿಟ್ಟಿದೀರಪ್ಪಾ ಅದನ್ನ?"

ಕನ್ನಡಕ ತುಟಿ ಕಚ್ಚಿಕೊಂಡ. ಒಂದು ನಿಮಿಷ ಹೋಯಿತು. ಬಾಣ ಬಟನ್ನಿನ ಮೇಲೆ ಹಾದುಹೋಗುವಾಗ ಅವನು ಗಂಟಲಲ್ಲಿ ತಡೆದಿಟ್ಟ ಮಾತು ಕೆಮ್ಮಾಗಿ ಹೊರಬಿತ್ತು. ಗುಮಾಸ್ತರು ಬೆಚ್ಚಿ ಒತ್ತಿಬಿಟ್ಟರು. ಪರದೆ ಮುಂದಕ್ಕೆ ಹೋಯಿತು!

ಗುಮಾಸ್ತರು ಅವನತ್ತ ಓರೆಗಣ್ಣಿನಲ್ಲಿ ನೋಡಿದರು. ಮಾಲೀಕರ ಮುಖ ನೋಡಿಯೇ ಕೆಲಸ ಮಾಡಿ ಪಳಗಿದವರಿಗೆ ಅಷ್ಟು ಸಾಕಾಗಿತ್ತು. ಎರಡನೆಯ ಬಟನ್ನಿನ ಬಳಿ ಬಾಣ ನಿಲ್ಲಿಸಿ ಕಾದರು. ತಪ್ಪೆಂದು ಕನ್ನಡಕನಿಗೆ ಗೊತ್ತಿತ್ತು, ನಾಚಿಕೆಯೂ ಆಯಿತು. ಆದರೂ ಕೆಮ್ಮಿದ.

"ಧೂಳು," ಎಂದ, ವಿನ್ಯಾಸಕಿ ಹುಬ್ಬೇರಿಸಿದಾಗ.

"ಧೂಳಲ್ಲ ರೀ, ಒಣಕೆಮ್ಮು! ನಮ್ಮ ಭಾವಂಗೂ ಹಿಂಗೇ ಶುರುವಾಗಿದ್ದು," ಎನ್ನುತ್ತ ಹಮಾಲಿಯೊಬ್ಬ ಪೆಟ್ಟಿಗೆ ಇಳಿಸಿ ಬಂದು ಅವನ ಬೆನ್ನಿಗೊಂದು ಗುದ್ದು ಹಾಕಿದ. ಕನ್ನಡಕ ಖೊಕ್ ಎಂದ. ಗುಮಾಸ್ತರು ವಿಧೇಯರಾಗಿ ಒತ್ತಿದರು. ಬಾಣ ಆಗ ನಿಂತಿದ್ದದ್ದು 'ಎಲ್ಲ ಅಳಿಸು' ಎಂಬುದರ ಮೇಲೆ.

ತುಂಬಿದ್ದೆಲ್ಲ ಅಳಿಸಿಹೋಯಿತು. ಇನ್ನು ಉಳಿದದ್ದು ಐವತ್ತು ಸೆಕೆಂಡು. ಕನ್ನಡಕ ಹಮಾಲಿಯನ್ನು ಮೊಣಕೈಯಲ್ಲಿ ದೂರ ತಳ್ಳಿ, ಮೊದಲಿನಿಂದ ಒಂದೊಂದು ಬಟನ್ನಿಗೂ ಮಾನ ಮರ್ಯಾದೆ ಬಿಟ್ಟು ಕೆಮ್ಮಿದ. ಆರ್ಡರು ಮುಗಿದಾಗ ಗಡಿಯಾರ ಎರಡು ನಿಮಿಷ ಐವತ್ತೆಂಟು ಸೆಕೆಂಡು ತೋರಿಸುತ್ತಿತ್ತು.

ಸಂಜೆ ಗೋಡೆಯ ಮುಂದೆ ಸಭೆ. ಬಳಸುವವರ ಅಭಿಪ್ರಾಯ ಕೇಳಲೇಬೇಕಾದ್ದರಿಂದ ಗುಮಾಸ್ತರೂ ಬಂದಿದ್ದರು. "ಶಹಭಾಸ್, ನಿನ್ನ ಕೆಲಸ ಕಾಯಂ," ಎಂದರು ಬಾಸು. ಕನ್ನಡಕನಿಗೆ ಹೋದ ಜೀವ ಬಂದಂತಾಯಿತು.

"ತಂತ್ರಾಂಶ ಬಹಳ ಚೆನ್ನಾಗಿದೆ," ಎಂದರು ಗುಮಾಸ್ತರು. "ಒಂದೇ ಒಂದು ಕೋರಿಕೆ. ಇವ್ರು ಪಕ್ಕದಲ್ಲಿ ಕೂತು ಕೆಮ್ತಾರಲ್ಲ, ಅದನ್ನ ಮಾತ್ರ ತೆಗೀಬೇಡಿ."

ಕನ್ನಡಕ ನಡುವೆ ಬಾಯಿ ಹಾಕಿದ. "ಸಾರ್, ಬಟನ್ ದೊಡ್ಡದು ಮಾಡ್ತೀನಿ! ಕೆಂಪು ಬಣ್ಣ ಹಾಕ್ತೀನಿ, ಈಗಲೇ!"

"ಬೇಡಪ್ಪಾ," ಎಂದರು ಗುಮಾಸ್ತರು. "ಈಗಷ್ಟೇ ರೂಢಿ ಆಗಿದೆ."

ವಿನ್ಯಾಸಕಿ ಹಲ್ಲು ಕಡಿಯುತ್ತ ಹಳದಿ ಚೀಟಿಯೊಂದರಲ್ಲಿ ಏನೋ ಬರೆದು ಗೋಡೆಯ ತುತ್ತತುದಿಗೆ ಅಂಟಿಸಿದಳು. "ಬಳಸೋರು ಕೇಳಿದ್ದನ್ನ ಕೊಡೋದು ತಾನೇ ನಮ್ಮ ಪದ್ಧತಿ?"

ಬಾಸು ಚೀಟಿ ಓದಿ ಕನ್ನಡಕನ ಹೆಗಲು ತಟ್ಟಿದರು. "ಕಾಯಂ ಅಂದ್ರೆ ಕಾಯಂ. ನಾಳೆಯಿಂದ ಗುಮಾಸ್ತರ ಪಕ್ಕದ ಸ್ಟೂಲು ನಿಂದೇ. ಗಂಟಲು ಹುಷಾರು ಮಾರಾಯ, ಪಂಪು ಕಂಪನಿಯವರದು ಇನ್ನೂ ಹನ್ನೊಂದು ಗೋಡೌನಿವೆ."