ಗೊಂಬೆ ಹಬ್ಬಕ್ಕೆ ಬಂದ ಬ್ರಸೆಲ್ಸ್

ಆಫೀಸ್ ಕೆಲಸಕ್ಕೆಂದು ಬ್ರಸೆಲ್ಸಿಗೆ ಹೋಗಿದ್ದ ವೆಂಕಟರಮಣ, ಬಂದವನು ಸುಮ್ಮನಿರಬಾರದೇ? ಅಲ್ಲಿನ ಗ್ರಾಂಡ್ ಪ್ಲಾಸ್ ಚೌಕದ ಫೋಟೋಗಳನ್ನು ಹೆಂಡತಿಗೆ ತೋರಿಸಿದ. ಅಮೆರಿಕದ ಟೆಕ್ಸಾಸಿನಲ್ಲಿ ಅವರಿದ್ದ ಫ್ರಿಸ್ಕೋ ಊರಿನ ದಸರಾ ಗೊಂಬೆ ಸ್ಪರ್ಧೆಯಲ್ಲಿ ಪ್ರತಿವರ್ಷ ಪಕ್ಕದ ಮನೆ ಸರೋಜಾಗೆ ಸೋಲುತ್ತಿದ್ದ ಜಯದೇವಿಯ ಕಣ್ಣರಳಿತು.

"ಈ ಸಲ ಇದನ್ನೇ ಮಾಡಿಕೊಡಿ. ಬಹುಮಾನ ಬರಲಿಲ್ವೋ, ಮುಂದಿನ ವರ್ಷದಿಂದ ಗೊಂಬೆ ಕೂರಿಸೋದು, ದಿನಾ ಮಕ್ಕಳಿಗೆ ಚರ್ಪಿನ ತಿಂಡಿ ಮಾಡಿ ಹಂಚೋದು, ಎಲ್ಲಾ ನೀವೇ!"

ಪಾಪ, ಅವನು ರಟ್ಟು ಕತ್ತರಿಸಿ ವ್ಯಾಪಾರಿಗಳ ಮನೆಸಾಲು, ಹಿಂದೆ ಪುರಭವನ, ಅದರ ಗೋಪುರ ಎಲ್ಲ ಎಬ್ಬಿಸಿದ. ಹಬ್ಬದ ದಿನ ಸರೋಜಾಳ ಗಂಡ ಉದಯಶಂಕರ ಇಣುಕಿದ.

"ಅಲ್ಲಾ ಸಾರ್, ಗೋಪುರ ಮಧ್ಯಕ್ಕಿಲ್ವಲ್ಲ!"

"ಅಲ್ಲೂ ಮಧ್ಯಕ್ಕಿಲ್ಲ. ಎಡಗಡೆ ಮೊದಲು ಕಟ್ಟಿದ್ರು. ಬಲಗಡೆ ಆಮೇಲೆ ಸೇರಿಸಿದ್ದು, ಅದಕ್ಕೇ ಉದ್ದ ಕಮ್ಮಿ. ಫ್ರೆಂಚರ ಫಿರಂಗಿಗೆ ಚೌಕವೆಲ್ಲ ಸುಟ್ಟುಹೋದ್ರೂ ಈ ಗೋಪುರ ಜಗ್ಗಲಿಲ್ಲ, ಗೊತ್ತಾ?"

ಜೊತೆಗೆ ಬಂದಿದ್ದ ಧಾರವಾಡದ ಚನ್ನಮಲ್ಲಪ್ಪ ತಲೆ ಕೆರೆದುಕೊಂಡರು. "ಅಲ್ರೀ, ಅವರು ತಪ್ಪು ಮಾಡ್ಯಾರಂತ ನೀವೂ ಮಾಡಬೇಕೇನ್ರಿ?"

ವೆಂಕಟರಮಣ ಚೆಂಡುಹೂವು ತರಲು ಹೋಗಿ ಬರುವಷ್ಟರಲ್ಲಿ ಇಬ್ಬರೂ ಸೇರಿ ಗೋಪುರ ಕಿತ್ತು ಮಧ್ಯಕ್ಕೆ ಅಂಟಿಸಿದ್ದರು. ಬೇರೆಲ್ಲೂ ಜಾಗವಿಲ್ಲವೆಂದು ಜಯದೇವಿ ಚೌಕದ ನಡುವೆ ಪಟ್ಟದ ರಾಜ ರಾಣಿಯರನ್ನೂ ಅಂಬಾರಿ ಆನೆಯನ್ನೂ ನಿಲ್ಲಿಸಿದ್ದಳು.

"ಅಯ್ಯೋ ನನ್ನ ಕರ್ಮವೇ! ತೀರ್ಪು ಕೊಡೋ ವಿಜಯಾ ಆಂಟಿ ಯೂರೋಪೆಲ್ಲ ಸುತ್ತಿದವರು. ನೋಡಿದ ತಕ್ಷಣ ತಪ್ಪು ಹಿಡೀತಾರೆ!" ಎಂದು ವೆಂಕಟರಮಣ ಬಾಯಿ ಬಡಿದುಕೊಂಡ.

ಗೋಪುರವನ್ನು ಮತ್ತೆ ಕಿತ್ತು, ಗೋಂದು ಸುರಿದು, ಮೊದಲಿನ ಜಾಗದಲ್ಲೇ ಒತ್ತಿ ಹಿಡಿದ. ಗೋಪುರ ನಿಂತಿತು. ಅವನ ಬೆರಳೂ ಅದಕ್ಕೇ ಅಂಟಿಕೊಂಡಿತು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಹ್ಯೂಸ್ಟನ್ನಿನಿಂದ ಬಂದ ವಿಜಯಾ ಆಂಟಿ ಚೌಕದ ಮುಂದೆ ನಿಂತರು. ಅವರ ಕಣ್ಣು ತುಂಬಿ ಬಂತು.

"ಗೋಪುರ ಒಂಚೂರು ಪಕ್ಕಕ್ಕೆ ಹೋಗಿದೆ. ಹೋಗ್ಲಿ ಬಿಡಿ. ಇಲ್ಲಿ ಕೂತು ನಮ್ಮ ಮೈಸೂರು ಅರಮನೆ ನೋಡಿದ ಹಾಗಾಯ್ತು! ಫಸ್ಟ್ ಪ್ರೈಜ್ ನಿಮಗೇ ಜಯಾ."

ಜಯದೇವಿ ಹಿಗ್ಗಿಹೋದಳು. ಗಂಡ ಬಾಯಿ ತೆರೆಯುವುದನ್ನು ಕಂಡು ಬಲವಾಗಿ ಚಿವುಟಿದಳು. ಆದರೂ ಆ ಪುಣ್ಯಾತ್ಮನಿಗೆ ತಡೆಯಲಾಗಲಿಲ್ಲ.

"ಅರಮನೆ ಅಲ್ಲ ಆಂಟಿ, ಬ್ರಸೆಲ್ಸ್! ನೀವೂ ಹೋಗಿದ್ರಲ್ಲ?"

"ಹೋಗಿದ್ವಪ್ಪ. ಚಾಕಲೇಟ್ ಅಂಗಡಿಯಿಂದ ಆಚೆ ಬರೋಷ್ಟರಲ್ಲಿ ಬಸ್ ಹೊರಟುಬಿಡ್ತು." ಆಂಟಿ ಹುಬ್ಬು ಗಂಟಿಕ್ಕಿದರು. "ಏನು, ಅರಮನೆ ಅಲ್ವಾ ಇದು? ಹಾಗಾದ್ರೆ ಸರೋಜಾ ಮನೇದೇ ವಾಸಿ."

ಎಲ್ಲರೂ ಸರೋಜಾಳ ಮನೆಗೆ ಹೊರಟರು. ವೆಂಕಟರಮಣನ ಬೆರಳು ಇನ್ನೂ ಬಿಟ್ಟಿರಲಿಲ್ಲ.

"ನಾನು ನಿಜಾನೇ ಹೇಳಿದ್ದು ಕಣೇ. ಸ್ವಲ್ಪ ಬಿಸಿನೀರು ತಾ."

"ಯಾಕೆ ಬಿಡಿಸ್ಕೋತೀರಿ? ಅಲ್ಲೇ ಇರ್ಲಿ," ಎಂದಳು ಜಯದೇವಿ. "ಮುಂದಿನ ವರ್ಷ ಗೊಂಬೆ ನೀವೇ ತಾನೇ ಕೂರಿಸಬೇಕು?"